ಅಣುರಚನೆ ಕಲಿಯಲು ಲೂಯಿಸ್ ಚುಕ್ಕೆ ಚಿತ್ರವೋ, ಗೋಲಿ-ಕಡ್ಡಿ ಮಾದರಿಯೋ?

ಎಲೆಕ್ಟ್ರಾನ್ ಲೆಕ್ಕ ತಪ್ಪುತ್ತಿದ್ದರೆ ಅವನ್ನು ಚುಕ್ಕೆಗಳಾಗಿ ಬರೆಯುವ ಚುಕ್ಕೆ ಚಿತ್ರ, ಆಕಾರ ತಲೆಗೆ ಹತ್ತುತ್ತಿಲ್ಲವಾದರೆ ಮಾದರಿ. ಒಂದನ್ನೇ ಆರಿಸಬೇಕೆಂದರೆ ಚುಕ್ಕೆ ಚಿತ್ರವೇ ಮೊದಲು. ಪೆನ್ಸಿಲ್ ಇದ್ದರೆ ಸಾಕು.

ಕಾರ್ಬನ್ ಡೈಆಕ್ಸೈಡ್ ಬರೆದು ನೋಡಿ. ಕಾರ್ಬನ್‌ನ ವೇಲೆನ್ಸ್ (ಹೊರಕವಚದ) ಎಲೆಕ್ಟ್ರಾನ್ 4, ಆಕ್ಸಿಜನ್‌ಗಳದ್ದು ತಲಾ 6, ಒಟ್ಟು 16. ಕಾರ್ಬನ್ ನಡುವೆ ಇಟ್ಟು ಎರಡು ಏಕಬಂಧ ಎಳೆದರೆ, ಬಂಧಕ್ಕೆ ಎರಡರಂತೆ, 4 ಖರ್ಚು. ಉಳಿದ 12 ಆಕ್ಸಿಜನ್‌ಗಳಿಗೆ ಹೋದರೆ ಅವುಗಳ ಅಷ್ಟಕ (ಸುತ್ತ ಎಂಟು ಎಲೆಕ್ಟ್ರಾನ್) ತುಂಬುತ್ತದೆ, ಕಾರ್ಬನ್ ಸುತ್ತ ಮಾತ್ರ ನಾಲ್ಕೇ. ಇಲ್ಲಿ ಹಲವರು ಹೊಸದಾಗಿ ನಾಲ್ಕು ಚುಕ್ಕೆ ತಂದು ಹಾಕುತ್ತಾರೆ. ಲೆಕ್ಕ 20ಕ್ಕೆ ಏರಿ ಎಲ್ಲಾ ಕೆಡುತ್ತದೆ. ಬೇಕಿರುವುದು ಪ್ರತಿ ಆಕ್ಸಿಜನ್‌ನ ಒಂದು ಒಂಟಿ ಜೋಡಿಯನ್ನು (ಬಂಧದಲ್ಲಿಲ್ಲದ ಎರಡು ಎಲೆಕ್ಟ್ರಾನ್) ಬಂಧದೊಳಕ್ಕೆ ಸರಿಸುವುದು. ಆಗ ಎರಡು ದ್ವಿಬಂಧ, ಒಟ್ಟು ಅದೇ 16.

ಆದರೆ ಹಾಳೆ ಚಪ್ಪಟೆ. ನೀರಿನ ಅಣುವನ್ನು ನೆಟ್ಟಗೆ ಬರೆದರೂ ಚುಕ್ಕೆಗಳು ತಕರಾರು ಮಾಡುವುದಿಲ್ಲ. ಮಾದರಿಯಲ್ಲಿ ಆಕ್ಸಿಜನ್ ಗೋಲಿಯ ತೂತುಗಳೇ ಬಾಗು ತೋರಿಸುತ್ತವೆ (ನಿಜವಾದ ಕೋನ 104.5°), ಬಾಗಿಗೆ ಕಾರಣವಾದ ಒಂಟಿ ಜೋಡಿಗಳು ಮಾತ್ರ ಸಾಮಾನ್ಯವಾಗಿ ಕಾಣುವುದಿಲ್ಲ. ಒಂದಕ್ಕೊಂದು ಕನ್ನಡಿ ಬಿಂಬದಂತಿರುವ ಅಣುಗಳಿಗಂತೂ ಮಾದರಿಯೇ ಗತಿ. ದ್ವಿಬಂಧಕ್ಕೆ ಬಾಗುವ ಕಡ್ಡಿ ಎರಡು ಹಾಕಿ. ಒಂದೇ ಹಾಕಿದರೆ ಗೋಲಿಗಳು ಸುಮ್ಮನೆ ತಿರುಗಿ, ನಿಜದಲ್ಲಿಲ್ಲದ ಸ್ವಾತಂತ್ರ್ಯ ತೋರಿಸುತ್ತವೆ.

ಅಡುಗೆ ಉಪ್ಪಿಗೆ ಎರಡೂ ಅಷ್ಟಕ್ಕಷ್ಟೇ. ಅಲ್ಲಿ ಬಿಡಿ ಅಣುವೇ ಇಲ್ಲ. ಪ್ರತಿ ಸೋಡಿಯಂ ಅಯಾನಿನ (ವಿದ್ಯುದಾವೇಶವಿರುವ ಕಣ) ಸುತ್ತ 6 ಕ್ಲೋರೈಡ್ ಅಯಾನುಗಳಿರುವ, ಒಂದೇ ಕ್ರಮದಲ್ಲಿ ಹಬ್ಬಿದ ಜಾಲಕ ಅದು.