ಪುಣೆಯ ಫ್ಲಾಟ್ ಚೆಕ್ಕಿಂಗ್ ಸರ್ವಿಸ್: ಮಾಡಿಸಿ, ಆದರೆ ಪಕ್ಕದಲ್ಲೇ ನಿಂತು ಮಾಡಿಸಿ

ಕೀಲಿ ಕೈಗೆ ಬರುವ ಮುಂಚೆ ಫ್ಲಾಟನ್ನು ಮೂಲೆಮೂಲೆ ಚೆಕ್ ಮಾಡಿ ರಿಪೋರ್ಟ್ ಕೊಡುವ ಕಂಪನಿಗಳು ಪುಣೆಯಲ್ಲಿ ಈಗ ಸುಮಾರಿವೆ. ನನ್ನ ತಮ್ಮ ತಾಥವಡೆಯಲ್ಲಿ ಎರಡು ಬೆಡ್‌ರೂಮಿನ ಹೊಸ ಫ್ಲಾಟ್ ತಗೊಂಡಾಗ ಅಂಥ ಒಂದು ಕಂಪನಿಯಿಂದ ಚೆಕ್ ಮಾಡಿಸಿದೆವು. ಜಿಎಸ್‌ಟಿ ಸೇರಿ 9 ಸಾವಿರ ಚಿಲ್ಲರೆ ಆಯಿತು. "ಗ್ವಾಡಿ ನೋಡಾಕ ಒಂಬತ್ತ ಸಾವಿರ ಏನು?" ಅಂತ ಧಾರವಾಡದಿಂದ ಅಪ್ಪ ಫೋನಿನಲ್ಲೇ ಗೊಣಗಿದರು. ಕೊಡಬಹುದು ಅಂತ ನನ್ನ ಅಭಿಪ್ರಾಯ. ಆದರೆ ಅವರು ಏನು ನೋಡುತ್ತಾರೆ, ಏನು ನೋಡಲ್ಲ ಅನ್ನೋದು ಮೊದಲೇ ಗೊತ್ತಿರಲಿ.

ಬಂದವರು ಇಬ್ಬರು ಹುಡುಗರು. ಅವರಲ್ಲಿ ಒಬ್ಬ ಅಕ್ಕಲಕೋಟೆಯವನು, ನಾವು ಮಾತಾಡೋದು ಕೇಳಿ ಅವನೂ ಕನ್ನಡಕ್ಕೆ ಇಳಿದ, ಅಲ್ಲಿಂದ ನಮ್ಮ ಕೆಲಸ ಸಲೀಸಾಯಿತು. ತುದಿಗೆ ಗುಂಡು ಇರುವ ಒಂದು ಕಡ್ಡಿ ಹಿಡಿದು ನೆಲದ ಟೈಲ್ಸ್ ಎಲ್ಲ ಒಂದೊಂದಾಗಿ ತಟ್ಟುತ್ತಾ ಹೋದ. ಕೆಳಗೆ ಸಿಮೆಂಟ್ ಸರಿಯಾಗಿ ತುಂಬಿದ್ದರೆ ಗಟ್ಟಿ ಸದ್ದು, ಇಲ್ಲದಿದ್ದರೆ ಪೊಳ್ಳು ಸದ್ದು, ಕೇಳಿದರೆ ನಮಗೂ ಗೊತ್ತಾಗುತ್ತೆ. ಪೊಳ್ಳಾದ ಕಡೆಯೆಲ್ಲ ಟೇಪ್ ಅಂಟಿಸಿದ, ಹಾಲ್‌ನ ಒಂದು ಮೂಲೆ ಪೂರ್ತಿ ಟೇಪೇ ಆಯಿತು. ಆಮೇಲೆ ಬಾತ್‌ರೂಮಿನಲ್ಲಿ ಒಂದು ಬಕೆಟ್ ನೀರು ಚೆಲ್ಲಿ ಸುಮ್ನೆ ನಿಂತ. ನೀರು ಜಾಲಿಯ ಕಡೆ ಹೋಗುವ ಬದಲು ಮೆಲ್ಲಗೆ ಬಾಗಿಲ ಕಡೆ ಬಂತು. ಇದನ್ನು ನಾವು ಅಲ್ಲಿ ಇರಲು ಶುರು ಮಾಡಿದ ಮೇಲೆ ನೋಡಿದ್ದರೆ ದಿನಾ ವೈಪರ್ ಹಿಡಿಯೋದೇ ಕೆಲಸ.

ನಿಜವಾಗಿ ದುಡ್ಡು ವಸೂಲಾದದ್ದು ಬೆಡ್‌ರೂಮಿನಲ್ಲಿ. ಬಾತ್‌ರೂಮಿಗೆ ಅಂಟಿಕೊಂಡ ಗೋಡೆ ಕಣ್ಣಿಗೆ ಹೊಚ್ಚ ಹೊಸದಾಗಿತ್ತು, ಬಣ್ಣ ಎಲ್ಲೂ ಉಬ್ಬಿರಲಿಲ್ಲ. ತೇವ ಅಳೆಯುವ ಮೀಟರ್ ಇಟ್ಟರೆ ನೆಲದಿಂದ ಒಂದು ಅಡಿವರೆಗೆ ಕೆಂಪು. "ಅಣ್ಣಾ, ಇಲ್ಲಿ ಕೈ ಇಟ್ಟು ನೋಡ್ರಿ" ಅಂದ, ತಣ್ಣಗಿತ್ತು. ತಮ್ಮ ವಾರ್ಡ್‌ರೋಬ್ ಮಾಡಿಸಬೇಕು ಅಂತಿದ್ದದ್ದು ಅದೇ ಗೋಡೆಗೆ. ಅಡುಗೆಮನೆಯ ಒಂದು ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಇರಲಿಲ್ಲ, ಅದೂ ಫ್ರಿಜ್ ಇಡುವ ಜಾಗದ್ದು.

ಅಳತೆಯನ್ನು ಲೇಸರ್‌ನಿಂದ ಮಾಡುತ್ತಾರೆ. ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಸೇಲ್ಸ್‌ನವರು ಜಾಸ್ತಿ ಗೋಜಲು ಮಾಡೋದು ಇಲ್ಲೇ. ರೇರಾ, ಅಂದರೆ ಬಿಲ್ಡರ್‌ಗಳನ್ನು ಹಿಡಿತದಲ್ಲಿಡುವ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ, ಕಾರ್ಪೆಟ್ ಏರಿಯಾದಲ್ಲಿ (ಫ್ಲಾಟಿನ ಒಳಗೆ ಬಳಸಲು ಸಿಗುವ ಜಾಗ) ಒಳಗಿನ ಗೋಡೆಗಳು ಸೇರುತ್ತವೆ. ಹೊರಗೋಡೆ, ಪೈಪ್ ಹೋಗುವ ಡಕ್ಟ್, ಬಾಲ್ಕನಿ, ತೆರೆದ ಟೆರೇಸ್ ಸೇರಲ್ಲ. ಬಾಲ್ಕನಿಯನ್ನೂ ಸೇರಿಸಿ "ಟೋಟಲ್ ಕಾರ್ಪೆಟ್ ಇಷ್ಟು" ಅಂದರೆ ತಲೆಯಾಡಿಸಬೇಡಿ, ಅಗ್ರಿಮೆಂಟಿನಲ್ಲಿ ಬರೆದ ಸಂಖ್ಯೆ ನೋಡಿ. ಮಹಾರಾಷ್ಟ್ರದ ಮಾದರಿ ಅಗ್ರಿಮೆಂಟ್ ಪ್ರಕಾರ ಶೇ. 3ರವರೆಗೆ ಹೆಚ್ಚುಕಮ್ಮಿ ನಡೆಯುತ್ತೆ, ಅದಕ್ಕಿಂತ ಕಡಿಮೆ ಬಂದರೆ ಹೆಚ್ಚಿಗೆ ಕಟ್ಟಿದ ದುಡ್ಡನ್ನು ಬಿಲ್ಡರ್ 45 ದಿನದೊಳಗೆ ಬಡ್ಡಿ ಸಮೇತ ವಾಪಸ್ ಕೊಡಬೇಕು. ನಮ್ಮದು ಸರಿಯಾಗಿತ್ತು.

ಇನ್ನು ರಿಪೋರ್ಟ್. ಫೋಟೋ ಹಾಕಿ ದಪ್ಪಗೆ ಮಾಡಿ ಕಳಿಸಿದ್ದಾರೆ, ಆದರೆ ಅರ್ಧ ಜೊಳ್ಳು. ಗೋಡೆ ಮೇಲಿನ ಬ್ರಷ್ ಗೆರೆ, ಸ್ವಿಚ್ ಬೋರ್ಡ್ ಸ್ವಲ್ಪ ವಾಲಿದ್ದು, ಕಿಟಕಿ ಗಾಜಿನ ಮೇಲಿನ ಬಣ್ಣದ ಚುಕ್ಕೆ, ಇವಕ್ಕೆಲ್ಲ ಒಂದೊಂದು ಪುಟ. ತೇವದ ಗೋಡೆಗೂ ಒಂದೇ ಪುಟ! ಇದನ್ನು ಹಾಗೇ ಬಿಲ್ಡರ್‌ಗೆ ಕಳಿಸಿದರೆ ಅವರು ಸುಲಭದ್ದೆಲ್ಲ ಮಾಡಿ "ತೊಂಬತ್ತು ಪರ್ಸೆಂಟ್ ಮುಗೀತು ಸರ್" ಅಂತಾರೆ. ಅದಕ್ಕೇ ನಾವು ದೊಡ್ಡದನ್ನು ಮಾತ್ರ ಆರಿಸಿ ಬೇರೆ ಇಮೇಲ್ ಬರೆದೆವು. ಬಿಲ್ಡರ್ ಕಡೆಯವರು ಮೊದಲಿಗೆ ಪೂರ್ತಿ ದುಡ್ಡು ಕಟ್ಟುವವರೆಗೆ ಹೊರಗಿನವರನ್ನು ಒಳಗೇ ಬಿಡಲ್ಲ ಅಂದಿದ್ದರು. ಫೋನಿನಲ್ಲಿ ಅಂದದ್ದನ್ನು ಬರೆದು ಕೊಡಿ ಅಂತ ಇಮೇಲ್‌ನಲ್ಲಿ ಕೇಳಿದ ಮೇಲೆ ಬಿಟ್ಟರು.

ಪೊಸೆಷನ್ ತಗೊಂಡ ಮೇಲೆ ಏನೂ ಮಾಡೋಕಾಗಲ್ಲ ಅನ್ನೋರಿದ್ದಾರೆ, ಅದು ತಪ್ಪು. ಪೊಸೆಷನ್ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿ ಮಾಡಿಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಆದರೂ ಕೀಲಿ ತಗೊಳ್ಳುವ ಮುಂಚೆ ಇರುವ ಜೋರು ಆಮೇಲೆ ಇರಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ.

ಈಗ ಅವರು ನೋಡದ್ದು. ಕಾಂಕ್ರೀಟಿನ ಗಟ್ಟಿತನ ನೋಡಲ್ಲ, ಲಿಫ್ಟ್, ಟೆರೇಸ್, ಬೆಂಕಿ ಆರಿಸುವ ವ್ಯವಸ್ಥೆ ನೋಡಲ್ಲ. ನೀರು ಕಾರ್ಪೊರೇಷನ್‌ದೋ ಟ್ಯಾಂಕರ್‌ದೋ ಕೇಳಲ್ಲ. ಅದನ್ನು ಆಫೀಸಿನಲ್ಲಿ ಕೇಳಬೇಡಿ, ಪಕ್ಕದ ಸೊಸೈಟಿಯ ವಾಚ್‌ಮನ್ ಹತ್ತಿರ ಮೇ ತಿಂಗಳಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ ಅಂತ ಕೇಳಿ. ಎಲ್ಲಕ್ಕಿಂತ ಮುಖ್ಯ, ಕಾಗದಪತ್ರ ನೋಡಲ್ಲ.

ಕಾಗದದ್ದು ಅರ್ಧ ಕೆಲಸ ನೀವೇ ಮಾಡಬಹುದು. ಮಹಾರಾಷ್ಟ್ರದ ರೇರಾ ಪ್ರಾಧಿಕಾರವಾದ ಮಹಾರೇರಾದ ವೆಬ್‌ಸೈಟಿನಲ್ಲಿ ಪ್ರಾಜೆಕ್ಟಿನ ರೇರಾ ನಂಬರ್ ಹಾಕಿದರೆ ಮುಗಿಸುವ ತಾರೀಖು, ಮಂಜೂರಾದ ಪ್ಲಾನ್, ಕೇಸುಗಳು ಎಲ್ಲ ಸಿಗುತ್ತೆ, 2023ರ ಆಗಸ್ಟ್‌ನಿಂದ ಜಾಹೀರಾತಿನಲ್ಲೇ ಕ್ಯೂಆರ್ ಕೋಡ್ ಹಾಕಬೇಕು ಅಂತಲೂ ಇದೆ. ಆದರೆ ರೇರಾ ನಂಬರ್ ಇದೆ ಅಂದ ಮಾತ್ರಕ್ಕೆ ನಿದ್ದೆ ಮಾಡಬೇಡಿ. ಮುಂಬೈ ಹತ್ತಿರದ ಕಲ್ಯಾಣ-ಡೊಂಬಿವಲಿಯ 65 ಕಟ್ಟಡಗಳ ವಿಷಯ ನೆನಪಿದೆಯಲ್ಲ? ಪಾಲಿಕೆಯ ನಕಲಿ ಅನುಮತಿ ಪತ್ರ ತೋರಿಸಿ ರೇರಾ ನಂಬರ್ ತಗೊಂಡಿದ್ದವು, 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಕೆಡವಲು ಆದೇಶ ಮಾಡಿತು. ದುಡ್ಡು ಕೊಟ್ಟು ಒಳಗೆ ಸಂಸಾರ ಹೂಡಿದ್ದವರ ಗತಿ ಯೋಚಿಸಿ. ಹಾಗಾಗಿ ಅನುಮತಿ ಪತ್ರವನ್ನು ಕೊಟ್ಟ ಕಚೇರಿಯಲ್ಲೇ ತಾಳೆ ನೋಡಿಸಿ. ವಾಕಡ್, ತಾಥವಡೆ ಆದರೆ ಪಿಂಪ್ರಿ-ಚಿಂಚವಡ ಪಾಲಿಕೆ, ಹಿಂಜವಡಿ ಆದರೆ ಪಿಎಂಆರ್‌ಡಿಎ (ಪುಣೆ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ). ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನೋ ಸರ್ಟಿಫಿಕೇಟ್, ಬಂದಿರೋ ಫ್ಲಾಟಿಗೆ ಜಿಎಸ್‌ಟಿ ಇಲ್ಲ, ಕಟ್ಟುತ್ತಿರುವಾಗ ತಗೊಂಡರೆ ಸಾಮಾನ್ಯವಾಗಿ ಶೇ. 5. ಟೈಟಲ್ ಸರ್ಚ್ (ಜಾಗದ ಒಡೆತನದ ದಾಖಲೆ ತಪಾಸಣೆ) ಮಾತ್ರ ನಿಮ್ಮದೇ ವಕೀಲರಿಂದ ಮಾಡಿಸಿ, ಬಿಲ್ಡರ್ ಕೊಟ್ಟ ವಕೀಲರ ಪತ್ರ ನಂಬಿ ಕೂರಬೇಡಿ.

ಹಳೇ ಫ್ಲಾಟ್ ತಗೊಳ್ಳೋರಿಗೂ ಈ ಚೆಕ್ಕಿಂಗ್ ಉಪಯೋಗ. ಮಾರೋರು ಬಣ್ಣ ಬಳಿದು ತೇವ ಮುಚ್ಚಿಬಿಟ್ಟಿರುತ್ತಾರೆ, ಮೀಟರ್ ಆ ಬಣ್ಣಕ್ಕೆ ಮೋಸ ಹೋಗಲ್ಲ. ಮಳೆಗಾಲದಲ್ಲಿ ಮಾಡಿಸಿದರೆ ಇನ್ನೂ ಒಳ್ಳೇದು.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಡಿಮೆ ಮಾಡಿದ್ದು ರಿಪೋರ್ಟಿನ ಜೊಳ್ಳಿಗೆ, ಮತ್ತೆ ರಿಪೇರಿ ಆದಮೇಲೆ ಎರಡನೇ ಸಲ ಬಂದು ನೋಡೋಕೆ ಬೇರೆ ಚಾರ್ಜ್ ಇದೆ ಅಂತ ಮೊದಲು ಹೇಳದೇ ಇದ್ದದ್ದಕ್ಕೆ. ಬುಕ್ ಮಾಡುವಾಗಲೇ ಅದನ್ನು ಮಾತಾಡಿಕೊಳ್ಳಿ. ಕೇಳಿದರೆ ಕಡಿಮೆ ಮಾಡ್ತಾರೆ, ನಮಗೆ ಅರ್ಧಕ್ಕೆ ಇಳಿಸಿದರು.