ಕಡಕ್‌ನಾಥ್ ತಳಿ ಬೆಳೆಸಲು ಮರಿ ಕೊಳ್ಳುವವರ ಗಮನಕ್ಕೆ

ಪುಕ್ಕದಿಂದ ಮಾಂಸದವರೆಗೆ ಕಪ್ಪಾಗಿರುವ ಕಡಕ್‌ನಾಥ್ ಕೋಳಿಯ ತಳಿ ಬೆಳೆಸಿ ಮರಿ ಮಾರಬೇಕೆಂದು ಹಾವೇರಿ ಜಿಲ್ಲೆಯ ನಮ್ಮ ಊರಿನಲ್ಲಿ ನಾನೂ ನನ್ನ ತಮ್ಮನೂ ಆರಂಭಿಸಿದ ಕೆಲಸ ಈಗ ನಿಂತಿದೆ. ಶುದ್ಧ ತಳಿಯೆಂದು ನಮಗೆ ಮಾರಿದ ಮರಿಗಳು ಬೆರಕೆಯವಾಗಿದ್ದವು.

ಮರಿಗಳು ಬಂದಾಗ ಪುಕ್ಕ, ಕೊಕ್ಕು, ಕಾಲು ಎಲ್ಲವೂ ಕಪ್ಪಾಗಿದ್ದವು. ಬೆಳೆಯುತ್ತ ಕೆಲವು ಹುಂಜಗಳ ಜುಟ್ಟು ಕೆಂಪೇರಿದ್ದನ್ನು ಕಂಡು ಮಾರಿದವರನ್ನು ಕೇಳಿದರೆ, ಮೇವು ಬದಲಿಸಿದರೆ ಬಣ್ಣ ತಿರುಗುತ್ತದೆ ಎಂದರು. ಕಡಕ್‌ನಾಥ್ ಹೇಂಟೆಗಳು ಕಾವಿಗೆ ಕೂಡುವುದು ಕಡಿಮೆಯಾದ್ದರಿಂದ ತತ್ತಿಗಳನ್ನು ಜವಾರಿ ಕೋಳಿಯಡಿ ಇಟ್ಟೆವು. 21 ದಿನಕ್ಕೆ ಒಡೆದ ತತ್ತಿಗಳಿಂದ ಕಪ್ಪು ಮರಿಗಳ ಜೊತೆಗೆ ಬಿಳಿ ಕಾಲಿನವೂ ಕಂದು ಪುಕ್ಕದವೂ ಹೊರಬಂದವು. ಮರಿಗಾಗಿ ಮುಂಗಡ ಕೊಟ್ಟಿದ್ದ ರೈತರಿಗೆಲ್ಲ ಹಣ ಹಿಂತಿರುಗಿಸಬೇಕಾಯಿತು.

ಚರ್ಮ, ಮಾಂಸ, ಮೂಳೆಗಳಿಗೆ ಕಪ್ಪು ಬಣ್ಣ ತರುವ ಗುಣ ಅನುವಂಶೀಯವಾಗಿ ಪ್ರಬಲವಾದದ್ದು. ಹಾಗಾಗಿ ಕಡಕ್‌ನಾಥ್ ಹುಂಜವನ್ನು ಬೇರೆ ತಳಿಯ ಹೇಂಟೆಯೊಡನೆ ಕೂಡಿಸಿದರೂ ಮೊದಲ ಪೀಳಿಗೆಯ ಅನೇಕ ಮರಿಗಳು, ಅದರಲ್ಲೂ ಹೆಣ್ಣುಮರಿಗಳು, ಕಪ್ಪಾಗಿಯೇ ಕಾಣುತ್ತವೆ. ಬೆರಕೆ ಚೆನ್ನಾಗಿ ಬಯಲಾಗುವುದು ಅವುಗಳ ಮರಿಗಳಲ್ಲಿ. ಮಾಂಸಕ್ಕೆ ಸಾಕುವವರು ಇದನ್ನು ಹೇಗೋ ತಾಳಿಕೊಳ್ಳಬಹುದು, ಆದರೆ ತಳಿಯನ್ನೇ ನಂಬಿ ಬಂಡವಾಳ ಹೂಡಿದವರ ಬುಡವೇ ಅಲುಗಾಡುತ್ತದೆ.

ಮಾರಿದವರು ನಮಗೆ ತೋರಿಸಿದ್ದು ಭೌಗೋಳಿಕ ಸೂಚಕ (ಜಿಐ), ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಕೊಡುವ ಮಾನ್ಯತೆಯ, ಪ್ರಮಾಣಪತ್ರದ ಪ್ರತಿ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಆ ಮಾನ್ಯತೆ ದೊರೆತಿರುವುದು ನಿಜ, ಆದರೆ ಯಾರದೋ ಶೆಡ್ಡಿನ ಮರಿ ಶುದ್ಧವೆಂದು ಅದು ಹೇಳುವುದಿಲ್ಲ. ಅದರ ಬದಲು ತಂದೆ-ತಾಯಿ ಹಿಂಡನ್ನು ನೋಡಲು ಕೇಳಿ. ಜುಟ್ಟು, ನಾಲಿಗೆ, ಕಾಲುಗಳನ್ನು ಹಗಲು ಬೆಳಕಿನಲ್ಲಿ ಪರೀಕ್ಷಿಸಿ. ಅದೇ ಹಿಂಡಿನ ಎರಡನೆಯ ಪೀಳಿಗೆಯ ಕೋಳಿಗಳು ಎಲ್ಲಿವೆಯೆಂದು ವಿಚಾರಿಸಿ. ಹಿಂಡನ್ನು ತೋರಿಸಲು ಒಪ್ಪದವರಿಗೆ ಮುಂಗಡ ಕೊಡಬೇಡಿ. ಹುಲಕೋಟಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಇಲ್ಲವೇ ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ಮೊದಲೇ ಸಲಹೆ ಕೇಳುವುದು ಒಳ್ಳೆಯದು. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿದ ದಿನಾಂಕವನ್ನೂ ಬರೆಸಿಕೊಳ್ಳಿ.

ರಸೀದಿಯಲ್ಲಿ ತಳಿಯ ಹೆಸರು ಮತ್ತು ‘ಶುದ್ಧ ತಳಿ’ ಎಂಬ ಮಾತು ಇರಲೇಬೇಕು. ನಮ್ಮ ರಸೀದಿಯಲ್ಲಿ ‘ಕಪ್ಪು ಕೋಳಿ ಮರಿ’ ಎಂದಷ್ಟೇ ಬರೆದುಕೊಟ್ಟಿರುವುದರಿಂದ, ಗ್ರಾಹಕರ ಆಯೋಗಕ್ಕೆ ಹೋದರೂ ಮೋಸವನ್ನು ಸಾಬೀತುಪಡಿಸುವುದು ಕಷ್ಟವೆಂದು ವಕೀಲರು ತಿಳಿಸಿದ್ದಾರೆ.