ಟಾಸ್ಕ್‌ಬಾರಿನ ಮೂಲೆಯಲ್ಲಿ ಒಬ್ಬ ಚಂದ್ರ: ಕ್ಯೂ4ಓಎಸ್ ಜೊತೆ ಇಪ್ಪತ್ತು ತಿಂಗಳು

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಮನೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೂ ಸಂಕಷ್ಟಿಯ ಚಂದ್ರ ಕಣ್ಣಿಗೆ ಬೀಳುವುದು ಅಪರೂಪ. ಅತ್ತೆ ಪಂಚಾಂಗದಲ್ಲಿ ಚಂದ್ರೋದಯದ ಹೊತ್ತು ನೋಡುತ್ತಿದ್ದರು. ಜಗಲಿಗೆ ಬಂದು ಮೋಡದ ಕಡೆಗೇ ಕೈಮುಗಿದು ಊಟಕ್ಕೆ ಕೂರುತ್ತಿದ್ದರು. ಚಂದ್ರನನ್ನು ನೋಡದೆ ಉಂಡ ಊಟ ಅವರ ಮನಸ್ಸಿಗೆ ಹಿಡಿಸುತ್ತಿರಲಿಲ್ಲ. ಕಳೆದ ಎರಡು ಮಳೆಗಾಲದಿಂದ ಅವರು ಜಗಲಿಯಿಂದ ನೇರ ನನ್ನ ಮೇಜಿನ ಹತ್ತಿರ ಬರುತ್ತಾರೆ. ನನ್ನ ಹಳೇ ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಒಬ್ಬ ಪುಟ್ಟ ಚಂದ್ರ ಇದ್ದಾನೆ. ಅವನನ್ನು ನೋಡಿ, ಕೈಮುಗಿದು, ಒಳಗೆ ಹೋಗುತ್ತಾರೆ.

ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಕ್ಯೂ4ಓಎಸ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಈ ವಿಮರ್ಶೆ ಬರೆಯಲು ಆ ಚಂದ್ರನೇ ಕಾರಣ.

ಲ್ಯಾಪ್‌ಟಾಪ್ 2011ರದ್ದು. ರ‍್ಯಾಮ್ ಬರೀ 2 ಜಿಬಿ. ರಿಪೇರಿಗೆ ಕೊಟ್ಟಾಗ ಅಂಗಡಿಯವರು "ಇದರಲ್ಲಿ ಹೊಸ ವಿಂಡೋಸ್ ಓಡುವುದಿಲ್ಲ, ಗುಜರಿಗೆ ಹಾಕಿ" ಅಂದರು. ಹೊಸದು ಕೊಳ್ಳಲು ನನಗೂ ಇಷ್ಟವಿತ್ತು. ಆದರೆ ಆ ವರ್ಷದ ಅಡಿಕೆ ದುಡ್ಡು ಕೊಟ್ಟಿಗೆಯ ಮಾಡಿಗೆ ಹೋಗಿತ್ತು. ಒಂದು ಎಸ್‌ಎಸ್‌ಡಿ ತರಿಸಿ, 2024ರ ಫೆಬ್ರವರಿಯಲ್ಲಿ ಕ್ಯೂ4ಓಎಸ್ ಹಾಕಿದೆವು. ಐದನೇ ಆವೃತ್ತಿ, ಡೆಬಿಯನ್ 12 ಎಂಬ ಮೂಲ ಲಿನಕ್ಸ್ ಮೇಲೆ ಕಟ್ಟಿದ್ದು, ಮೆನು, ಕಿಟಕಿಗಳನ್ನೆಲ್ಲ ತೋರಿಸುವ ಟ್ರಿನಿಟಿ ಡೆಸ್ಕ್‌ಟಾಪ್ ಇರುವುದು.

"ಹಾಕಿದೆವು" ಎಂದೆನಲ್ಲ, ಡಿಸ್ಕನ್ನು ಭಾಗ ಮಾಡುವ ಪಾರ್ಟಿಷನ್ ಕೆಲಸ ಮಾಡಿದ್ದು ನನ್ನ ಮಗಳು. ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಳು ಆಗ. ಕೇರಳದ ಶಾಲೆ ಮಕ್ಕಳಿಗೆ ಲಿನಕ್ಸ್ ಹೊಸದಲ್ಲ. 2001ರಲ್ಲಿ ಐಟಿ@ಸ್ಕೂಲ್ ಅಂತ ಶುರುವಾದ ಯೋಜನೆ ಈಗ ಕೈಟ್ ಎಂಬ ಸರಕಾರಿ ಸಂಸ್ಥೆ ಆಗಿದೆ. ಅವರ ಲ್ಯಾಬಿನಲ್ಲಿ ಇರುವುದು ಉಬುಂಟು ಆಧಾರದ ಲಿನಕ್ಸ್. ಐಸಿಟಿ, ಅಂದರೆ ಕಂಪ್ಯೂಟರ್ ಪಾಠಪುಸ್ತಕ ಕನ್ನಡದಲ್ಲೂ ಬರುತ್ತದೆ. ಹಾಗಾಗಿ ನಾನು ಹೆದರಿ ಕೂತಿದ್ದಾಗ ಅವಳು ಆರಾಮವಾಗಿ ಒತ್ತುತ್ತಾ ಹೋದಳು. ಅರ್ಧ ಗಂಟೆಯೂ ಹಿಡಿಯಲಿಲ್ಲ. ತೊಡಕಾದದ್ದು ವೈಫೈ ಒಂದೇ. ನಮ್ಮ ಲ್ಯಾಪ್‌ಟಾಪಿನ ವೈಫೈ ಚಿಪ್ಪನ್ನು ನಡೆಸಲು ಬೇಕಾದ ಪುಟ್ಟ ತಂತ್ರಾಂಶ, ಅಂದರೆ ಫರ್ಮ್‌ವೇರ್ ಅನ್ನು ಡೆಬಿಯನ್ ತನ್ನ ಜೊತೆ ಹಂಚುವ ಹಾಗಿಲ್ಲವಂತೆ, ಬೇರೆಯಾಗಿ ಇಳಿಸಿಕೊಳ್ಳಬೇಕು. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದೆವು. ನೆಟ್ ಬಂತು, ಫರ್ಮ್‌ವೇರ್ ಇಳಿಯಿತು, ಮುಗಿಯಿತು.

ಹಳೇ ಮುಖದ ಲಿನಕ್ಸ್ ಯಾಕೆ ಬೇಕಿತ್ತು ಎಂದು ಹೇಳುತ್ತೇನೆ. ಮದುವೆಗೆ ಮೊದಲು ಎರಡು ವರ್ಷ ಕಾಸರಗೋಡಿನಲ್ಲಿ ಡಿಟಿಪಿ ಕೆಲಸ ಮಾಡಿದ್ದೆ. ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ, ದಿನವಿಡೀ ಮದುವೆ ಕಾಗದ, ಯಕ್ಷಗಾನದ ಕರಪತ್ರ. ನನ್ನ ಕೈಗೆ ಕಂಪ್ಯೂಟರ್ ಅಂದರೆ ಅದೇ. ಕೆಳಗೆ ಎಡಮೂಲೆಯಲ್ಲಿ ಮೆನು, ಎರಡು ಸಲ ಒತ್ತಿದರೆ ತೆರೆಯುವ ಫೋಲ್ಡರ್, ಬಟನ್ ಎಂದು ನೋಡಿದ ಕೂಡಲೇ ಗೊತ್ತಾಗುವ ಬಟನ್. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಂತಿತು. ಆಮೇಲೆ ಬಂದ ಯಾವುದರಲ್ಲೂ ನನಗೆ ಮನೆಗೆ ಬಂದ ಹಾಗೆ ಅನಿಸಲಿಲ್ಲ.

ಹೊಸ ಡೆಸ್ಕ್‌ಟಾಪಿನ ಮೇಲೆ ಹಳೇ ಬಣ್ಣ ಬಳಿಯುವ ಥೀಮ್‌ಗಳು ಬೇಕಾದಷ್ಟಿವೆ. ವಿಂಡೋಸ್ 95ರ ಹಾಗೆ ಕಾಣಿಸುವ ಚಿಕಾಗೋ95 ಥೀಮ್ ಕೂಡ ನೋಡಿದೆ. ಚೆನ್ನಾಗಿದೆ. ಆದರೆ ಟ್ರಿನಿಟಿ ಆ ಥರದ್ದಲ್ಲ, ಅದು ನಿಜವಾಗಿಯೂ ಹಳೆಯದು. 2008ರಲ್ಲಿ ಕೆಡಿಇ ಎಂಬ ಲಿನಕ್ಸ್ ಡೆಸ್ಕ್‌ಟಾಪ್ ತನ್ನ ನಾಲ್ಕನೇ ಆವೃತ್ತಿಗೆ ಹೋದಾಗ ಎಲ್ಲವೂ ಬದಲಾಯಿತು. ಹಳೇ 3.5 ಸಾಲು ಬಿಡಲು ಮನಸ್ಸಿಲ್ಲದ ಕೆಲವರು ಅದನ್ನೇ ಹಿಡಿದುಕೊಂಡು, 2010ರಿಂದ ಟ್ರಿನಿಟಿ ಎಂಬ ಹೆಸರಿನಲ್ಲಿ ಮುಂದುವರಿಸಿದ್ದಾರೆ. ಅಂದಿನ ಕೋಡನ್ನೇ ಒರೆಸಿ, ಎಣ್ಣೆ ಹಾಕಿ, ಇಂದಿನ ಡೆಬಿಯನ್ ಮೇಲೆ ಓಡುವ ಹಾಗೆ ಇಟ್ಟಿದ್ದಾರೆ. ನನಗೆ ಅವರ ಮೇಲೆ ತುಂಬಾ ಗೌರವ.

ದಿನಾ ಬೆಳಿಗ್ಗೆ ಸೊಸೈಟಿಗೆ ಹಾಲು ಕೊಟ್ಟು ಬಂದ ಮೇಲೆ ಅದನ್ನು ಆನ್ ಮಾಡುತ್ತೇನೆ. ಚಾ ಸೋಸಿ ತರುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿರುತ್ತದೆ. ಮೆನು ಒತ್ತಿದರೆ ಮೆನು. ಜಾರುವುದಿಲ್ಲ, ಮಸುಕಾಗುವುದಿಲ್ಲ, ಸುದ್ದಿ ತೋರಿಸುವುದಿಲ್ಲ, ಏನನ್ನೂ ಕೊಳ್ಳಲು ಹೇಳುವುದಿಲ್ಲ. ಮೆನುವಿಗೇ ಮೂರು ರೂಪ ಇವೆ. ನಾನು ಬೋರ್ಬನ್ ಎಂಬುದನ್ನು ಇಟ್ಟುಕೊಂಡಿದ್ದೇನೆ, ಎಕ್ಸ್‌ಪಿ ರೂಢಿ ಇರುವ ಕೈಗೆ ಅದೇ ಹತ್ತಿರ. ಹಾಲಿನ ಲೆಕ್ಕ, ಕೆಲಸದವರ ಸಂಬಳ, ಅಡಿಕೆ ಎಷ್ಟು ಚೀಲ ಸುಲಿದಾಯಿತು, ಎಲ್ಲ ಬರೆದಿಟ್ಟು ಮುಚ್ಚುತ್ತೇನೆ. ಹತ್ತು ನಿಮಿಷ ಸಾಕು. ಮಳೆಗಾಲದಲ್ಲಿ ಕರೆಂಟು ಹೋಗಿ ಹಳೇ ಬ್ಯಾಟರಿ ಕೈಕೊಟ್ಟು ಎಷ್ಟೋ ಸಲ ಧಡಕ್ಕನೆ ಆರಿಹೋಗಿದೆ. ಒಂದು ಸಲವೂ ಏಳದೆ ಇರಲಿಲ್ಲ.

ಈಗ ಚಂದ್ರನ ವಿಷಯ. ಟ್ರಿನಿಟಿಗೆ ಕೆಡಿಇ ಕಾಲದಿಂದ ಬಂದ ಸಣ್ಣ ಸಣ್ಣ ಆಟಿಕೆಗಳಿವೆ. ಚಾ ಕುದಿಯುವ ಹೊತ್ತು ಎಣಿಸುವುದು ಒಂದು, ಕಿಟಕಿಗಳ ಮೇಲೆ ಓಡಾಡುವ ಪ್ರಾಣಿ ಒಂದು. ಅವುಗಳಲ್ಲಿ ಒಂದು ಕೆಮೂನ್. ಟಾಸ್ಕ್‌ಬಾರಿನಲ್ಲಿ ಕೂತು ಇವತ್ತಿನ ಚಂದ್ರ ಎಷ್ಟಿದ್ದಾನೋ ಅಷ್ಟನ್ನೇ ತೋರಿಸುತ್ತದೆ, ಬೇರೆ ಕೆಲಸ ಅದಕ್ಕಿಲ್ಲ. ಸುಮ್ನೆ ಕುತೂಹಲಕ್ಕೆ ಹಾಕಿದೆ. ಅತ್ತೆ ಒಂದು ದಿನ ನೋಡಿ, "ಇದು ನಮ್ಮ ಚಂದ್ರ ಅಲ್ಲ ಮಾರಾಯ್ತಿ" ಅಂದರು. "ಬಿದಿಗೆ ಚಂದ್ರ ಹೀಗೆ ನೆಟ್ಟಗೆ ನಿಲ್ಲುತ್ತಾನಾ? ದೋಣಿ ಹಾಗೆ ಮಲಗಿರುತ್ತಾನೆ."

ಹೌದಲ್ವಾ! ಸಂಜೆ ಪಡುವಣದಲ್ಲಿ ನಾವು ನೋಡುವ ಬಿದಿಗೆ, ತದಿಗೆಯ ಚಂದ್ರ ತೊಟ್ಟಿಲಿನ ಹಾಗೆ ಇರುತ್ತಾನೆ. ಪರದೆಯಲ್ಲಿ ಇದ್ದವನು ಆವರಣ ಚಿಹ್ನೆಯ ಹಾಗೆ ನಿಂತಿದ್ದ. ಸೆಟ್ಟಿಂಗ್ ತೆರೆದೆ. ಅಲ್ಲಿ ಕೋನ ಬದಲಿಸುವ ಒಂದು ಸ್ಲೈಡರ್ ಇದೆ. ಅದನ್ನು ಮಾಡಿದವರು ಅಲ್ಲೇ ಒಂದು ಮಾತು ಬರೆದಿಟ್ಟಿದ್ದಾರೆ: ಸೊನ್ನೆಯಲ್ಲಿ ಇಟ್ಟು ಕೊಟ್ಟಿದ್ದೇವೆ, ಆದರೆ ನಿಮ್ಮೂರಿನಲ್ಲಿ ಚಂದ್ರ ಈ ಕೋನದಲ್ಲಿ ಕಾಣುವ ಸಾಧ್ಯತೆ ತೀರಾ ಕಡಿಮೆ, ಕಂಪ್ಯೂಟರಿಗೆ ಅದನ್ನು ಲೆಕ್ಕ ಹಾಕಲು ಆಗುವುದಿಲ್ಲ, ನೀವೇ ತಿರುಗಿಸಿಕೊಳ್ಳಿ. ಅರ್ಥ ಹೀಗೆ. ಅದನ್ನು ಓದಿ ನನಗೆ ಆದ ಖುಷಿ ಹೇಳಲಿಕ್ಕಾಗದು. ಎಲ್ಲೋ ದೂರದಲ್ಲಿ ಕೂತು ಬರೆದವರು ನಮ್ಮಂಥ ಊರಿನವರನ್ನೂ ನೆನಪಿಟ್ಟುಕೊಂಡಿದ್ದರು.

ಸ್ಲೈಡರ್ ಅನ್ನು ಹೆಚ್ಚುಕಡಿಮೆ ತುದಿಯವರೆಗೆ ಎಳೆದೆ. ಚಂದ್ರ ಮಲಗಿದ. ಅತ್ತೆ ಒಪ್ಪಿದರು. ಆದರೆ ಹದಿನೈದು ದಿನ ಕಳೆದು ಸಂಕಷ್ಟಿ ಬಂದಾಗ ಮತ್ತೆ ತಕರಾರು. ಈಗ ಚಂದ್ರ ತಲೆಕೆಳಗು! ಸಂಕಷ್ಟಿಯವನು ಹುಣ್ಣಿಮೆ ಕಳೆದು ಬಂದವನು, ಮೂಡಣದಲ್ಲಿ ಏಳುವಾಗ ಸವೆದ ಭಾಗ ಮೇಲಿರುತ್ತದೆ. ನಾನು ಇಟ್ಟ ಕೋನದಲ್ಲಿ ಅದು ಕೆಳಗೆ ಬಂದಿತ್ತು. ಶುಕ್ಲ ಪಕ್ಷದವನನ್ನು ನಾವು ಮುಳುಗುವಾಗ ನೋಡುತ್ತೇವೆ, ಕೃಷ್ಣ ಪಕ್ಷದವನನ್ನು ಏಳುವಾಗ. ಎರಡಕ್ಕೂ ಒಂದೇ ಕೋನ ಸರಿಹೋಗದು. ಅಂದಿನಿಂದ ಅಮಾವಾಸ್ಯೆಯ ಮರುದಿನ ಸ್ಲೈಡರ್ ಒಂದು ತುದಿಗೆ, ಹುಣ್ಣಿಮೆಯ ಮರುದಿನ ಇನ್ನೊಂದು ತುದಿಗೆ. ನಾನು ಮರೆತರೂ ಅತ್ತೆ ಮರೆಯುವುದಿಲ್ಲ. ಅವರ ಕಣ್ಣಿಗೆ ಸರಿಯಾಗಿ ಕಾಣಲಿ ಎಂದು ಟಾಸ್ಕ್‌ಬಾರನ್ನೂ ದೊಡ್ಡದು ಮಾಡಿದ್ದೇನೆ. ಅದರಿಂದ ಪುಟ ಓದಲು ಪರದೆಯಲ್ಲಿ ಜಾಗ ಕಡಿಮೆಯಾಗಿದೆ. ಇರಲಿ.

ಇಷ್ಟೆಲ್ಲ ಹೊಗಳಿದ ಮೇಲೆ ಕಷ್ಟಗಳನ್ನೂ ಹೇಳಲೇಬೇಕು. ಕನ್ನಡ ಟೈಪಿಂಗ್ ಮೊದಲ ವಾರ ನನ್ನನ್ನು ಅಳಿಸಿತು. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡವೂ ಇದೆ, ಮಲಯಾಳಂ ಕೂಡ ಇದೆ. ನಮಗೆ ಎರಡೂ ಬೇಕು. ಮನೆ ಲೆಕ್ಕ ಕನ್ನಡದಲ್ಲಿ, ಅರ್ಜಿಗಳು ಮಲಯಾಳಂನಲ್ಲಿ. ಆದರೆ ಎರಡೂ ಭಾರತದ ಪಟ್ಟಿಯೊಳಗೆ ಬರುವುದರಿಂದ ಕೆಳಗೆ ಎರಡಕ್ಕೂ "ಇನ್" ಎಂಬ ಒಂದೇ ಗುರುತು. ಒಂದು ಸಾಲು ಹೊಡೆದ ಮೇಲೆಯೇ ಯಾವ ಭಾಷೆ ಎಂದು ಗೊತ್ತಾಗುತ್ತಿತ್ತು. ಮೇಲಾಗಿ ನುಡಿಯಲ್ಲಿ ಪದದ ಮೊದಲಿಗೆ ಇಂಗ್ಲಿಷಿನ 'ಐ' ಕೀಲಿ ಒತ್ತಿದರೆ 'ಇ' ಬರುತ್ತದೆ, 'ಕ' ಆದ ಮೇಲೆ ಒತ್ತಿದರೆ 'ಕಿ' ಆಗುತ್ತದೆ. ಇಲ್ಲಿ ಹಾಗಲ್ಲ. ಕೊನೆಗೆ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿ, ಅದರ ಎಂ17ಎನ್ ಎಂಬ ಪಟ್ಟಿಯಲ್ಲಿ ನುಡಿಯಲ್ಲಿದ್ದ ಕೆಜಿಪಿ ಕೀಲಿಮಣೆಯನ್ನೇ ಆರಿಸಿದೆ. ಕೈ ತಾನಾಗಿ ಓಡಿತು. ಈ ಕೀಲಿಮಣೆಯ ಮೂಲ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, ನಮ್ಮ ಕಡೆಯವರೇ.

ಹಳೇ ಕಡತಗಳದ್ದು ಇನ್ನೂ ದೊಡ್ಡ ನೋವು. ಅತ್ತೆ ಹಾಡುವ ಗಣಪತಿಯ ಹಾಡುಗಳನ್ನು ಮದುವೆಯಾದ ಹೊಸತರಲ್ಲಿ ನುಡಿಯಲ್ಲಿ ಟೈಪ್ ಮಾಡಿ ಸಿಡಿಯಲ್ಲಿ ಇಟ್ಟಿದ್ದೆ. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಇದು ಕ್ಯೂ4ಓಎಸ್ ತಪ್ಪಲ್ಲ. ಆ ಕಾಲದಲ್ಲಿ ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು, ಆ ಫಾಂಟ್ ಇಲ್ಲದಿದ್ದರೆ ಎಲ್ಲಿ ತೆರೆದರೂ ಇದೇ ಗತಿ. ಫಾಂಟ್ ಹಾಕಿದೆ, ಓದಲು ಬಂತು. ಆದರೆ ಹುಡುಕಲು ಬರುವುದಿಲ್ಲ, ಫೋನಿಗೆ ಕಳಿಸಲು ಬರುವುದಿಲ್ಲ. ಎಲ್ಲ ಕಡೆ ಓದಲು ಬರುವ ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಅಲ್ಲಲ್ಲಿ ತಪ್ಪಿದ ಅರ್ಕಾವತ್ತುಗಳನ್ನು ರಾತ್ರಿ ಕೂತು ಒಂದೊಂದೇ ತಿದ್ದಿದೆ. ನಲವತ್ತೆರಡು ಹಾಡು. ಅತ್ತೆ ಪಕ್ಕದಲ್ಲಿ ಕೂತು ಹಾಡುತ್ತಾ ಹೋದರು, ನಾನು ಸರಿಮಾಡುತ್ತಾ ಹೋದೆ.

ನನಗೆ ನಿಜವಾಗಿ ಬೇಸರ ತರಿಸಿದ್ದು ಬ್ರೌಸರ್. ಟ್ರಿನಿಟಿ ಹಗುರ, 256 ಎಂಬಿ ರ‍್ಯಾಮ್ ಇದ್ದರೂ ಓಡುತ್ತದೆ ಎಂದು ಮಾಡಿದವರು ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಇಂದಿನ ಜಾಲಪುಟಗಳು ಹಗುರವಲ್ಲ. ಬ್ಯಾಂಕಿನ ಪುಟ ಒಂದು, ಮಗಳ ಪಾಠದ ವಿಡಿಯೊ ಒಂದು ತೆರೆದರೆ ಮೌಸ್ ಕೂಡ ನಿಂತುಬಿಡುತ್ತಿತ್ತು. ಪಿಂಚಣಿಯ ಅರ್ಜಿ ತುಂಬುವಾಗ ಮೂರು ಸಲ ಹೀಗಾಗಿ ಮೊದಲಿನಿಂದ ತುಂಬಬೇಕಾಯಿತು. ಆ ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು ಒಂದು ವಾರ ತೆರೆಯಲಿಲ್ಲ. ಆಮೇಲೆ ಹಳೇ 2 ಜಿಬಿ ರ‍್ಯಾಮ್ ಒಂದನ್ನು 500 ರೂಪಾಯಿಗೆ ತಂದು ಸೇರಿಸಿದೆ. ಈಗ 4 ಜಿಬಿ, ತಾಳ್ಮೆ ಇದ್ದರೆ ಸಾಕಾಗುತ್ತದೆ. ಫೈರ್‌ಫಾಕ್ಸ್ ಮತ್ತು ಲಿಬ್ರೆಆಫೀಸ್ ಟ್ರಿನಿಟಿಯ ಉಡುಪು ತೊಡುವುದೂ ಇಲ್ಲ. ಕಡತ ತೆರೆಯುವ ಪೆಟ್ಟಿಗೆ ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಮನೆಯಲ್ಲಿ ವಿಡಿಯೊ ನೋಡುವುದೇ ಜಾಸ್ತಿ ಆದರೆ ನಾನು ಇದನ್ನು ಹಾಕಿ ಎಂದು ಹೇಳುವುದಿಲ್ಲ. ಬರೆಯುವುದು, ಲೆಕ್ಕ, ಪ್ರಿಂಟ್ ಇಷ್ಟೇ ಆದರೆ ಕಣ್ಣು ಮುಚ್ಚಿ ಹಾಕಿ.

ಲ್ಯಾಪ್‌ಟಾಪ್ 32 ಬಿಟ್‌ನದ್ದಾದರೆ ಮೊದಲೇ ನೋಡಿಕೊಳ್ಳಿ. 2025ರ ಆಗಸ್ಟ್ 9ಕ್ಕೆ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ನನ್ನದು 64 ಬಿಟ್. ಆದರೂ ಅವಸರ ಮಾಡುವುದಿಲ್ಲ, ಈಗಿರುವ ಆವೃತ್ತಿಯಲ್ಲೇ ಮುಂದುವರಿಯುತ್ತೇನೆ.

ಚಂದ್ರ ಬೇಕಿದ್ದವರಿಗೆ: ಕೆಮೂನ್ ಪ್ಯಾಕೇಜ್ ಬೇರೆಯಾಗಿ ಹಾಕಬೇಕು. ಆಮೇಲೆ ಟಾಸ್ಕ್‌ಬಾರಿನ ಖಾಲಿ ಜಾಗದಲ್ಲಿ ಮೌಸಿನ ಬಲಗಡೆ ಬಟನ್ ಒತ್ತಿ, ಆಪ್ಲೆಟ್ ಸೇರಿಸುವ ಪಟ್ಟಿಯಲ್ಲಿ ಆರಿಸಿ. ಸ್ಲೈಡರ್ ಯಾವ ಕಡೆಗೆ ಎಳೆಯಬೇಕು ಎಂದು ತಿಳಿಯದಿದ್ದರೆ, ಮೋಡ ಇಲ್ಲದ ಒಂದು ಸಂಜೆ ಅಂಗಳಕ್ಕೆ ಹೋಗಿ ಚಂದ್ರನನ್ನು ನೋಡಿ ಬಂದು ಸರಿಮಾಡಿ.